ಉರಿಯುವ ಬಾಣ ನಿಧಾನವಾಗಿ ಹಾರಬೇಕು

ಕ್ರಿಸ್ತಪೂರ್ವ 424. ಗ್ರೀಸ್‌ನ ಡೀಲಿಯಂನಲ್ಲಿ ಅಥೆನ್ಸ್‌ನ ಸೈನಿಕರು ಒಂದು ದೇವಸ್ಥಾನದ ಸುತ್ತ ಕೋಟೆ ಕಟ್ಟಿಕೊಂಡು ಕೂತಿದ್ದರು. ಅವಸರದಲ್ಲಿ ಎಬ್ಬಿಸಿದ ಗೋಡೆ ಅದು. ಅದರಲ್ಲಿ ಮರ ಮತ್ತು ದ್ರಾಕ್ಷಿ ಬಳ್ಳಿಯ ಕಟ್ಟಿಗೆಯೇ ಜಾಸ್ತಿ. ಅದನ್ನು ಹಿಡಿಯಲು ಬಂದ ಬಿಯೋಷಿಯಾದವರು ಒಂದು ದೊಡ್ಡ ತೊಲೆಯನ್ನು ಉದ್ದಕ್ಕೆ ಎರಡಾಗಿ ಸೀಳಿದರು. ಎರಡೂ ಹೋಳುಗಳನ್ನು ಒಳಗಿನಿಂದ ಕೊರೆದು, ಮತ್ತೆ ಒಂದಕ್ಕೊಂದು ಕೂಡಿಸಿ ಕೊಳವೆ ಮಾಡಿದರು. ಒಂದು ತುದಿಯಲ್ಲಿ ಸರಪಳಿಯಿಂದ ಕೊಪ್ಪರಿಗೆ ತೂಗುಹಾಕಿದರು. ಕೊಪ್ಪರಿಗೆಯೊಳಕ್ಕೆ ಕಬ್ಬಿಣದ ಮೂತಿ ಬಾಗಿತ್ತು. ಇದನ್ನು ಬಂಡಿಗಳ ಮೇಲೆ ಗೋಡೆಯ ಹತ್ತಿರ ತಂದು, ತಮ್ಮ ಕಡೆಯ ತುದಿಗೆ ದೊಡ್ಡ ತಿದಿಗಳನ್ನು ಹಚ್ಚಿ ಗಾಳಿ ಊದಿದರು. ಕೊಪ್ಪರಿಗೆಯಲ್ಲಿದ್ದದ್ದು ಕೆಂಡ, ಗಂಧಕ, ಟಾರು. ಜ್ವಾಲೆ ಎದ್ದು ಗೋಡೆಗೆ ಹತ್ತಿತು. ಒಳಗಿದ್ದವರು ಓಡಿದರು. 200 ಜನ ಸೆರೆ ಸಿಕ್ಕರು.

ಇದನ್ನು ಬರೆದಿಟ್ಟವನು ಥುಸಿಡಿಡೀಸ್. ಅದೇ ವರ್ಷ ಅವನೂ ಅಥೆನ್ಸ್‌ನ ಸೇನಾಪತಿಗಳಲ್ಲಿ ಒಬ್ಬನಾಗಿದ್ದ. ನಮ್ಮ ಅಡುಗೆಮನೆಯ ಒಲೆಗೆ ಹಿಡಿಯುತ್ತಿದ್ದ ಊದುಗೊಳವೆಯ ತತ್ವವೇ ಅಲ್ಲಿಯೂ ಇತ್ತು, ಅಳತೆ ಮಾತ್ರ ದೊಡ್ಡದು. ಪ್ರಾಚೀನ ಕಾಲದ ಬೆಂಕಿಯ ಆಯುಧ ಹೇಗಿತ್ತು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ತೊಲೆಯನ್ನೇ. ಅದನ್ನು ತಯಾರಿಸಲು ಸಮಯ ಬೇಕು. ಗುರಿ ಅಲುಗಾಡಬಾರದು. ಗುರಿ ಮರದ್ದಾಗಿರಬೇಕು. ಅದರ ಹತ್ತಿರಕ್ಕೇ ಹೋಗಬೇಕು. ಸಿನಿಮಾಗಳಲ್ಲಿ ನಾವು ನೋಡುವ ಬೆಂಕಿಯಲ್ಲಿ ಈ ನಾಲ್ಕೂ ಇರುವುದಿಲ್ಲ.

ಸಿನಿಮಾದ ಬಾಣವನ್ನೇ ತೆಗೆದುಕೊಳ್ಳಿ. ಬಟ್ಟೆ ಸುತ್ತಿದ ತುದಿಗೆ ಬೆಂಕಿ ಹಚ್ಚುತ್ತಾರೆ, ಬಿಲ್ಲನ್ನು ಪೂರ್ತಿ ಎಳೆದು ಬಿಡುತ್ತಾರೆ, ಆಕಾಶದ ತುಂಬ ಉರಿಯುವ ಬಾಣಗಳು ಹಾರುತ್ತವೆ. ಬಯಲಿನಲ್ಲಿ ನಿಂತ ಸೈನಿಕರ ಮೇಲೆ ಬಂದು ಬೀಳುತ್ತವೆ. ಬೆಂಕಿಬಾಣವೇ ಸುಳ್ಳು ಅಂತಲ್ಲ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯನ್ನರು ಬಾಣಗಳಿಗೆ ನಾರು ಸುತ್ತಿ, ಬೆಂಕಿ ಹಚ್ಚಿ ಬಿಟ್ಟರೆಂದು ಹೆರೊಡೊಟಸ್ ಬರೆಯುತ್ತಾನೆ. ಆದರೆ ಯಾವುದರ ಮೇಲೆ? ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಮೇಲಿದ್ದವರು ಕಟ್ಟಿಕೊಂಡ ಮರದ ತಡೆಗೋಡೆಯ ಮೇಲೆ. ನಮ್ಮ ಮನುಸ್ಮೃತಿಯ ಏಳನೇ ಅಧ್ಯಾಯವೂ ಯುದ್ಧದಲ್ಲಿ ಬೆಂಕಿ ಹೊತ್ತಿಸಿದ ಮೊನೆಯ ಬಾಣಗಳನ್ನು ಬಳಸಬಾರದು ಎನ್ನುತ್ತದೆ. ಇಲ್ಲದ ಆಯುಧವನ್ನು ಯಾರೂ ನಿಷೇಧಿಸುವುದಿಲ್ಲ ಅಲ್ವಾ?

ಈ ಬಾಣದ ಬಗ್ಗೆ ನನಗೆ ಬಹಳ ಇಷ್ಟವಾದ ವಿವರಣೆ ನಾಲ್ಕನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್‌ನದ್ದು. ಅವನೇ ಯುದ್ಧಕ್ಕೆ ಹೋಗಿ ಬಂದ ಸೈನಿಕ. ಜೊಂಡಿನ ಬಾಣ, ಮೊನೆಗೂ ಕಡ್ಡಿಗೂ ನಡುವೆ ಕಬ್ಬಿಣದ ಪಟ್ಟಿಗಳಿಂದ ಹೆಣೆದ ಉಬ್ಬಿದ ಪಂಜರ, ಅದರೊಳಗೆ ಬೆಂಕಿ ಮತ್ತು ಇಂಧನ. ಆಮೇಲೆ ಅವನು ಹೇಳುವ ಮಾತು ಮುಖ್ಯ. ಇದನ್ನು ಸಡಿಲವಾದ ಬಿಲ್ಲಿನಿಂದ ಮೆಲ್ಲಗೆ ಬಿಡಬೇಕು, ವೇಗ ಹೆಚ್ಚಾದರೆ ಬೆಂಕಿ ಆರಿಹೋಗುತ್ತದೆ.

ಅವನು ಹೇಳಿದ್ದು ವಿಜ್ಞಾನಕ್ಕೆ ಸರಿಯಾಗಿ ಕೂಡುತ್ತದೆ. ಯುದ್ಧದ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ 50 ಮೀಟರ್ ಆಸುಪಾಸಿನ ವೇಗದಲ್ಲಿ ಹಾರುತ್ತದೆ. ಅಂದರೆ ಗಂಟೆಗೆ 180 ಕಿಲೋಮೀಟರ್. ಜ್ವಾಲೆ ಎಂದರೆ ಬಿಸಿಯಾದ ಇಂಧನದಿಂದ ಹೊರಟ ಆವಿ ಗಾಳಿಯೊಂದಿಗೆ ಸೇರಿ ಉರಿಯುವುದು. ಅಷ್ಟು ಜೋರಾದ ಗಾಳಿ ಆ ಆವಿಯನ್ನೂ ಶಾಖವನ್ನೂ ಉರಿಯುವ ಮೊದಲೇ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಆ ಪಂಜರ. ಒಳಗಿನ ಕೆಂಡಕ್ಕೆ ಬೇಕಾದಷ್ಟು ಗಾಳಿ ಸಿಗಬೇಕು, ಪೂರ್ತಿ ಬಿರುಗಾಳಿ ತಾಗಬಾರದು. ಪಂಜರದ ಭಾರದಿಂದ ಬಾಣದ ಮೂತಿ ಕೆಳಗೆ ಎಳೆಯುತ್ತದೆ, ದೂರವೂ ಕಡಿಮೆಯಾಗುತ್ತದೆ. ಮೆಲ್ಲಗೆ ಬಂದ ಇಂಥ ಬಾಣ ಸೈನಿಕನ ಮೇಲೆ ಮಾಡುವ ಗಾಯಕ್ಕಿಂತ ಸಾಮಾನ್ಯ ಬಾಣ ಮಾಡುವ ಗಾಯವೇ ಹೆಚ್ಚು. ಹುಲ್ಲಿನ ಮಾಡು, ಮರದ ಗೋಪುರ, ಹಡಗಿನ ಹಾಯಿ ಇವೇ ಅದರ ಸರಿಯಾದ ಗುರಿಗಳು.

ಇನ್ನು ಮರ ಹೊತ್ತಿಕೊಳ್ಳುವುದೂ ಸುಲಭವಲ್ಲ. ದಪ್ಪ ಮರದ ಮೇಲ್ಮೈ ಸುಟ್ಟಾಗ ಇದ್ದಿಲಿನ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ಒಳಕ್ಕೆ ಬಿಡದೆ ತಡೆಯುತ್ತದೆ. ಪೈನ್‌ನಂಥ ಮೆದು ಮರವೂ ಬಲವಾದ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಮಾತ್ರ ಸುಡುತ್ತಾ ಹೋಗುತ್ತದೆ. 10 ಸೆಂಟಿಮೀಟರ್ ದಪ್ಪದ ಬಾಗಿಲು ಒಂದು ಕಡೆಯಿಂದ ಪೂರ್ತಿ ಸುಡಬೇಕಾದರೆ ಎರಡೂವರೆ ಗಂಟೆ ಹಿಡಿಯುತ್ತದೆ, ಅದೂ ಬೆಂಕಿ ಬಿಡದೆ ಉರಿಯುತ್ತಿದ್ದರೆ. ಅಂಟಿಕೊಂಡು ಬಹಳ ಹೊತ್ತು ಉರಿಯುವ ವಸ್ತು ಬೇಕಾದದ್ದು ಇದಕ್ಕೇ. ನಾಲ್ಕನೇ ಶತಮಾನದಲ್ಲಿ, ಕ್ರಿಸ್ತನಿಗೆ ಮುಂಚೆ, ಈನಿಯಾಸ್ ಎಂಬ ಗ್ರೀಕ್ ಲೇಖಕ ಟಾರು, ಗಂಧಕ, ನಾರು, ಧೂಪದ ಪುಡಿ, ಪೈನ್ ಮರದ ಹೊಟ್ಟು ಎಂದು ಪಟ್ಟಿ ಕೊಡುತ್ತಾನೆ. ಗಂಧಕ ಬೇಗ ಹೊತ್ತಿಕೊಳ್ಳುತ್ತದೆ. ಟಾರು ಕರಗಿ ಅಂಟುತ್ತದೆ. ನಾರು ಬತ್ತಿಯ ಕೆಲಸ ಮಾಡುತ್ತದೆ.

ಬೆಂಕಿಯಿಂದ ಕಾಯ್ದುಕೊಳ್ಳುವವರ ಜಾಣತನವೂ ಕಡಿಮೆಯದ್ದಲ್ಲ. ಕ್ರಿಸ್ತಪೂರ್ವ 701ರಲ್ಲಿ ಅಸ್ಸೀರಿಯನ್ನರು ಲಾಕೀಷ್ ನಗರಕ್ಕೆ ಮುತ್ತಿಗೆ ಹಾಕಿದ ದೃಶ್ಯ ಕಲ್ಲಿನ ಕೆತ್ತನೆಯಾಗಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗೋಡೆಯ ಮೇಲಿನಿಂದ ಪಂಜುಗಳು ಬೀಳುತ್ತಿವೆ. ಕೆಳಗಿನ ಯಂತ್ರದ ಮೇಲೆ ಒಬ್ಬ ಸೈನಿಕ ಉದ್ದ ಹಿಡಿಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಮುಂದೆ ಕ್ರಿಸ್ತಪೂರ್ವ 86ರಲ್ಲಿ ಪಿರೇಯಸ್ ಬಂದರಿನಲ್ಲಿ ರೋಮನ್ ಸೇನಾಪತಿ ಸುಲ್ಲಾ ಒಂದು ಮರದ ಗೋಪುರಕ್ಕೆ ಎಷ್ಟು ಬೆಂಕಿ ಹಚ್ಚಿದರೂ ಅದು ಉರಿಯಲಿಲ್ಲವಂತೆ. ಎದುರಾಳಿ ಆರ್ಕೆಲಾಸ್ ಅದಕ್ಕೆಲ್ಲ ಪಟಿಕ ಬಳಿಸಿದ್ದ. ಇದು ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. ಪಟಿಕದ ಹರಳಿನ ತೂಕದಲ್ಲಿ ಸುಮಾರು 45 ಪಾಲು ನೀರೇ, ನೂರಕ್ಕೆ. ಕಾದಾಗ ಆ ನೀರು ಆವಿಯಾಗಿ ಶಾಖವನ್ನು ಹೀರಿಕೊಳ್ಳುತ್ತದೆ.

ಈಗ ನಮ್ಮ ನೆಲದ ಗ್ರಂಥಕ್ಕೆ ಬರುತ್ತೇನೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದರ 13ನೇ ಅಧಿಕರಣದಲ್ಲಿ ಕೋಟೆಗೆ ಬೆಂಕಿ ಹಚ್ಚುವ ಪುಡಿ, ಉಂಡೆಗಳ ವಿವರ ಬರುತ್ತದೆ. ದೇವದಾರು, ಗುಗ್ಗುಳ, ಮರದ ರಾಳ, ಅರಗು, ಜೊತೆಗೆ ಕತ್ತೆ, ಒಂಟೆ, ಆಡು, ಕುರಿಗಳ ಲದ್ದಿ ಹಿಕ್ಕೆ. ಎಲ್ಲವೂ ನಿಜವಾಗಿ ಉರಿಯುವ ವಸ್ತುಗಳೇ. ಮಹಾಭಾರತದ ಅರಗಿನ ಮನೆಯ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ.

ಕೋಟೆಯೊಳಗೆ ಗೂಡು ಕಟ್ಟಿದ ಗಿಡುಗ, ಕಾಗೆ, ಪಾರಿವಾಳಗಳನ್ನು ಹಿಡಿದು, ಬಾಲಕ್ಕೆ ಈ ಮಿಶ್ರಣ ಕಟ್ಟಿ ಬಿಡಿ ಎಂದೂ ಅಲ್ಲಿದೆ. ಇದು ಕೆಲಸ ಮಾಡಿತ್ತೆಂದು ನಾನು ನಂಬುವುದಿಲ್ಲ. ಬಾಲಕ್ಕೆ ಬೆಂಕಿ ತಗುಲಿದ ಹಕ್ಕಿ ಗೂಡಿನ ದಾರಿ ಹಿಡಿಯುತ್ತದೆ ಎನ್ನುವುದಕ್ಕೆ ಯಾವ ಖಾತ್ರಿಯೂ ಇಲ್ಲ. ಕೀವ್‌ನ ರಾಣಿ ಓಲ್ಗಾಳ ಬಗ್ಗೆಯೂ ಇಂಥದ್ದೇ ಕಥೆ ರಷ್ಯಾ ಕಡೆಯ ಹಳೆಯ ಚರಿತ್ರೆಯಲ್ಲಿದೆ. ಊರಿಂದ ಊರಿಗೆ ಹೋಗುವ ಕಥೆಯ ಲಕ್ಷಣ ಅದು.

ಆದರೆ ಅದೇ ಭಾಗದಲ್ಲಿ ಕೌಟಿಲ್ಯ ಹೇಳುವ ಇನ್ನೊಂದು ಮಾತು ಪೂರ್ತಿ ಅನುಭವದ್ದು. ಹೋರಾಡಿ ಗೆಲ್ಲುವುದು ಸಾಧ್ಯವಿದ್ದರೆ ಬೆಂಕಿ ಹಾಕಲೇಬಾರದು. ಬೆಂಕಿಯನ್ನು ನಂಬುವ ಹಾಗಿಲ್ಲ. ಅದು ಲೆಕ್ಕವಿಲ್ಲದಷ್ಟು ಜನ, ಧಾನ್ಯ, ದನ, ಚಿನ್ನವನ್ನು ತಿಂದುಹಾಕುತ್ತದೆ. ಬರಿದಾದ ರಾಜ್ಯ ಕೈಗೆ ಬಂದರೂ ನಷ್ಟವೇ. ಕೋಟೆ ಕಟ್ಟುವ ಅಧ್ಯಾಯದಲ್ಲೂ ಅವನು ಮರದ ಗೋಡೆ ಬೇಡ ಎನ್ನುತ್ತಾನೆ, ಅದರಲ್ಲಿ ಬೆಂಕಿ ಅಡಗಿ ಕೂತಿರುತ್ತದೆ ಎಂದು. ಪಾಟಲಿಪುತ್ರಕ್ಕೇ ಮರದ ಕೋಟೆಯಿತ್ತೆಂದು ಮೆಗಸ್ತನೀಸ್ ಬರೆದಿದ್ದಾನೆ. ಪಾಟ್ನಾದ ಬುಲಂದಿಬಾಗ್ ಅಗೆತದಲ್ಲಿ ಆ ಮರದ ತೊಲೆಗಳು ಸಿಕ್ಕಿವೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಆಗ್ನೇಯಾಸ್ತ್ರ ಎಂದರೆ ಸಿಡಿಮದ್ದು, ಬಂದೂಕು ಎಂಬ ವಾದ ಹಳೆಯದು. ಮದ್ರಾಸಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಗುಸ್ತಾವ್ ಓಪರ್ಟ್ 1880ರಲ್ಲೇ ಇದನ್ನು ಬರೆದಿದ್ದ. ಅವನು ಆಧರಿಸಿದ್ದು ಶುಕ್ರನೀತಿಯನ್ನು. ಅದು ಅಷ್ಟು ಪ್ರಾಚೀನವಲ್ಲ, ಬಹಳ ಈಚಿನದು ಎಂದು ನಂತರದ ವಿದ್ವಾಂಸರು ತೋರಿಸಿದರು. ಸಿಡಿಮದ್ದಿಗೆ ಪೆಟ್ಲುಪ್ಪು ಬೇಕೇ ಬೇಕು. ಅದು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುವುದರಿಂದ ಮದ್ದಿಗೆ ಹೊರಗಿನ ಗಾಳಿ ಬೇಕಿಲ್ಲ, ಕ್ಷಣದಲ್ಲಿ ಉರಿದು ಸಿಡಿಯುತ್ತದೆ. ಅಂಥ ಮದ್ದಿನ ಮೊದಲ ಸ್ಪಷ್ಟ ಪಾಕ ಸಿಗುವುದು 1044ರ ಚೀನೀ ಗ್ರಂಥದಲ್ಲಿ. ಹೈದರ್ ಮತ್ತು ಟಿಪ್ಪುವಿನ ರಾಕೆಟ್‌ಗಳು ಈ ಮದ್ದಿನ ಕಾಲದವು. ಕೌಟಿಲ್ಯನ ಉಂಡೆಗಳು ಗಾಳಿಯನ್ನೇ ನಂಬಿ ನಿಧಾನವಾಗಿ ಉರಿಯುವಂಥವು. ಇದರಿಂದ ಅವನ ಹಿರಿಮೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಆರ್ಕಿಮಿಡೀಸ್ ಕನ್ನಡಿಗಳಿಂದ ರೋಮನ್ ಹಡಗುಗಳನ್ನು ಸುಟ್ಟ ಕಥೆಯನ್ನು ಬೇಗ ಮುಗಿಸಬಹುದು. ಅವನ ಊರು ಸಿರಾಕ್ಯೂಸ್‌ಗೆ ರೋಮನ್ನರು ಹಾಕಿದ ಆ ಮುತ್ತಿಗೆಯ ಬಗ್ಗೆ ಎಲ್ಲರಿಗಿಂತ ಮುಂಚೆ ಬರೆದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅವನ ಕವಣೆ, ಕ್ರೇನ್‌ಗಳನ್ನು ವಿವರವಾಗಿ ಹೇಳುತ್ತಾನೆ, ಕನ್ನಡಿಯ ಮಾತೇ ಇಲ್ಲ. 2005ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು 127 ಕನ್ನಡಿಗಳನ್ನು ಹಿಡಿದು ಸುಮಾರು 30 ಮೀಟರ್ ದೂರದ ಮರದ ಮಾದರಿಗೆ ಬೆಂಕಿ ಹಚ್ಚಿದರು. ಮೋಡವಿಲ್ಲದ ಆಕಾಶ, ಅಲುಗಾಡದ ಗುರಿ ಎರಡೂ ಬೇಕಾಯಿತು.

ನಿಜವಾಗಿ ಹಡಗುಗಳನ್ನು ಸುಟ್ಟದ್ದು ಬೈಜಾಂಟಿಯಂನ, ಅಂದರೆ ಗ್ರೀಕ್ ಮಾತಾಡುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ, ಗ್ರೀಕ್ ಬೆಂಕಿ. ಸಿರಿಯಾದಿಂದ ಬಂದ ಕಲ್ಲಿನಿಕೋಸ್ ಏಳನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಆ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ತಂದ ಎನ್ನುತ್ತದೆ ಚರಿತ್ರೆ. ಅದರ ಪಾಕವನ್ನು ರಾಜ್ಯದ ಗುಟ್ಟಾಗಿ ಕಾಯ್ದರು. ಕಚ್ಚಾ ಎಣ್ಣೆಯೇ ಅದರ ಮುಖ್ಯ ವಸ್ತು ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. 2002ರಲ್ಲಿ ಇತಿಹಾಸಕಾರ ಜಾನ್ ಹಾಲ್ಡನ್ ಮತ್ತು ಸಂಗಡಿಗರು ಹಳೆಯ ವಿವರಗಳನ್ನು ಆಧರಿಸಿ ಪಂಪು, ಕೊಳವೆ ಕಟ್ಟಿ, ಕಾಯಿಸಿದ ಕಚ್ಚಾ ಎಣ್ಣೆಯನ್ನು ಚಿಮ್ಮಿಸಿದರು. ಜ್ವಾಲೆ ಸುಮಾರು 15 ಮೀಟರ್ ಹೋಯಿತು. ಎಣ್ಣೆ ನೀರಿನ ಮೇಲೆ ತೇಲುವುದರಿಂದ ಸಮುದ್ರವೇ ಹೊತ್ತಿ ಉರಿಯುವಂತೆ ಕಂಡಿರಬೇಕು. ಆದರೆ 15 ಮೀಟರ್ ಎಂದರೆ ಎದುರಿನ ಹಡಗಿನವರ ಮುಖ ಕಾಣುವಷ್ಟು ಹತ್ತಿರ. 941ರಲ್ಲಿ ಕೀವ್ ಕಡೆಯ ರುಸ್ ಜನರ ದೊಡ್ಡ ನೌಕಾಪಡೆ ಕಾನ್‌ಸ್ಟಾಂಟಿನೋಪಲ್ ಮೇಲೆ ಬಂದಾಗ, ಚಕ್ರವರ್ತಿ ರೊಮಾನೋಸ್ 15 ಹಳೆಯ ಹಡಗುಗಳನ್ನು ರಿಪೇರಿ ಮಾಡಿಸಿ, ಮುಂದೆ ಮಾತ್ರವಲ್ಲದೆ ಹಿಂದೆಯೂ ಎರಡೂ ಪಕ್ಕಗಳಲ್ಲೂ ಬೆಂಕಿಯ ಕೊಳವೆ ಇಡಿಸಿದ. ಸುತ್ತುವರಿದ ರುಸ್ ದೋಣಿಗಳು ಸುಟ್ಟುಹೋದವು. ಇದನ್ನು ಬರೆದ ಇಟಲಿಯ ಲಿಯುಟ್‌ಪ್ರಾಂಡ್ ಒಂದು ಮಾತು ಸೇರಿಸುತ್ತಾನೆ. ಅವತ್ತು ದೇವರು ಗಾಳಿಯನ್ನು ಅಡಗಿಸಿ ಸಮುದ್ರವನ್ನು ಶಾಂತ ಮಾಡಿದ, ಇಲ್ಲದಿದ್ದರೆ ಗ್ರೀಕರಿಗೆ ಬೆಂಕಿ ಬಿಡುವುದು ಕಷ್ಟವಾಗುತ್ತಿತ್ತು.