ಸೋಗು ಹಾಕಿ ಬರುವ ಕಳ್ಳರು: ಬ್ರಿಟನ್ನಿನಲ್ಲಿ ವೃದ್ಧರ ರಕ್ಷಣೆ ಬೆಳೆದು ಬಂದ ಬಗೆ

ನೀರು ಸರಬರಾಜು ಸಂಸ್ಥೆಯ ನೌಕರನೆಂದು ಹೇಳಿಕೊಂಡು ಒಬ್ಬಾತ ಒಂಟಿ ವೃದ್ಧೆಯ ಮನೆ ಬಾಗಿಲು ತಟ್ಟುತ್ತಾನೆ. ಬೀದಿಯಲ್ಲಿ ಕೊಳವೆ ಒಡೆದಿದೆ, ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಬೇಕು ಎನ್ನುತ್ತಾನೆ. ಆಕೆ ಅವನೊಂದಿಗೆ ನಲ್ಲಿಯ ಬಳಿ ನಿಂತಿರುವಷ್ಟರಲ್ಲಿ, ಮುಚ್ಚದೆ ಬಿಟ್ಟ ಬಾಗಿಲಿನಿಂದ ಇನ್ನೊಬ್ಬ ಒಳನುಸುಳಿ, ಮಲಗುವ ಕೋಣೆಯ ಕಪಾಟು ಜಾಲಾಡಿ ಹೊರಟುಹೋಗಿರುತ್ತಾನೆ. ಬೀಗ ಒಡೆದಿರುವುದಿಲ್ಲ, ಕಿಟಕಿ ಮುರಿದಿರುವುದಿಲ್ಲ; ಆದ್ದರಿಂದ ಕಳವಾಗಿದೆ ಎಂಬುದೇ ಎಷ್ಟೋ ಸಲ ಹಲವು ದಿನಗಳ ನಂತರ ತಿಳಿಯುತ್ತದೆ. ಗಮನ ಬೇರೆಡೆ ಸೆಳೆದು ಮಾಡುವ ಈ ಕನ್ನಗಳವನ್ನು ಬ್ರಿಟನ್ನಿನ ಪೊಲೀಸರು ‘ಡಿಸ್ಟ್ರಾಕ್ಷನ್ ಬರ್ಗ್ಲರಿ’ ಎಂದು ಕರೆಯುತ್ತಾರೆ. ಇದನ್ನು ತಡೆಯಲು ಅಲ್ಲಿ ನಡೆದ ಪ್ರಯತ್ನಗಳ ಇತಿಹಾಸವನ್ನು ನೋಡಿದರೆ, ಎಚ್ಚರವಾಗಿರುವ ಹೊಣೆಯನ್ನೆಲ್ಲ ಬಹುಕಾಲ ವೃದ್ಧರ ಮೇಲೆಯೇ ಹೊರಿಸಲಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಕಾನೂನಿಗೆ ಈ ಮೋಸ ಹೊಸದಲ್ಲ. ಇಂಗ್ಲೆಂಡಿನ ಕಾನೂನುಗಳ ಮೇಲೆ ವಿಲಿಯಂ ಬ್ಲ್ಯಾಕ್‌ಸ್ಟೋನ್ ಬರೆದ ವ್ಯಾಖ್ಯಾನದ 1769ರ ಸಂಪುಟದಲ್ಲಿಯೇ, ಬಾಡಿಗೆಗೆ ಕೋಣೆ ಬೇಕೆಂಬ ನೆಪದಲ್ಲಿ ಒಳಹೊಕ್ಕು ಮನೆಯೊಡೆಯನನ್ನು ದೋಚುವುದೂ, ದೇಶದ್ರೋಹಿಗಳನ್ನು ಹುಡುಕಬೇಕೆಂದು ಕಾನ್‌ಸ್ಟೇಬಲ್‌ನನ್ನು ಕರೆತಂದು ಬಾಗಿಲು ತೆಗೆಸಿ, ಆಮೇಲೆ ಅವನನ್ನೇ ಕಟ್ಟಿಹಾಕಿ ಮನೆ ಲೂಟಿ ಮಾಡುವುದೂ ಕನ್ನಗಳವೇ ಎಂಬ ವಿವರಣೆಯಿದೆ. 1954ರ ಒಂದು ಮೊಕದ್ದಮೆಯಲ್ಲಿ, ರೇಡಿಯೊ ಪ್ರಸಾರಕ್ಕೆ ಆಗುತ್ತಿರುವ ಅಡಚಣೆಯನ್ನು ಪರೀಕ್ಷಿಸಲು ಬಂದ ಬಿಬಿಸಿ ನೌಕರನೆಂದು ಸುಳ್ಳು ಹೇಳಿ ಮನೆ ಪ್ರವೇಶಿಸಿದವನ ವಿಷಯದಲ್ಲಿಯೂ ನ್ಯಾಯಾಲಯ ಇದೇ ನಿಲುವನ್ನು ತಳೆಯಿತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಲ್ಲಿರುವ 1968ರ ಕಳವು ಕಾಯ್ದೆಯ ಪ್ರಕಾರ, ಮೋಸದಿಂದ ಪಡೆದ ಒಪ್ಪಿಗೆಯ ಮೇಲೆ ಕದಿಯಲೆಂದು ಒಳಬಂದವನು ಅತಿಕ್ರಮ ಪ್ರವೇಶ ಮಾಡಿದವನೇ. ವಾಸದ ಮನೆಯ ಕನ್ನಗಳವಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಈ ಕಾನೂನು ಕೆಲಸಕ್ಕೆ ಬರುವುದು ಕಳ್ಳ ಸಿಕ್ಕಿಬಿದ್ದ ಮೇಲೆ.

ಅದೇ 1954ರಲ್ಲಿ ಬಂದ ಇನ್ನೊಂದು ಕಾಯ್ದೆಗೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ. ಗ್ಯಾಸ್ ಅಥವಾ ವಿದ್ಯುತ್ ಮಂಡಳಿಯ ನೌಕರನು ತುರ್ತು ಸಂದರ್ಭವನ್ನು ಬಿಟ್ಟರೆ ಮನೆಯವರ ಒಪ್ಪಿಗೆ ಅಥವಾ ಮ್ಯಾಜಿಸ್ಟ್ರೇಟರ ವಾರಂಟ್ ಇಲ್ಲದೆ ಒಳಗೆ ಬರುವಂತಿಲ್ಲ ಎಂದು ಅದು ವಿಧಿಸಿತು. ‘ಈಗ ಆಗುವುದಿಲ್ಲ, ಇನ್ನೊಂದು ದಿನ ಬನ್ನಿ’ ಎಂದು ಹೇಳುವುದು ಮನೆಯವರ ಹಕ್ಕು ಎಂದಾಯಿತು. ಸರ್ಕಾರಿ ನೌಕರನನ್ನು ಬಾಗಿಲಲ್ಲಿ ನಿಲ್ಲಿಸಿ ಮಾತನಾಡಿಸುವುದು ಅಸಭ್ಯತೆ ಎಂದು ನಂಬಿ ಬೆಳೆದ ತಲೆಮಾರಿಗೆ ಈ ಹಕ್ಕನ್ನು ಚಲಾಯಿಸುವುದು ಸುಲಭವಿರಲಿಲ್ಲ. ಸೋಗುಗಾರರು ಬಂಡವಾಳ ಮಾಡಿಕೊಂಡದ್ದು ಈ ಸೌಜನ್ಯವನ್ನೇ.

ಗ್ಯಾಸ್, ವಿದ್ಯುತ್ತು ರಾಷ್ಟ್ರೀಕರಣಗೊಂಡಿದ್ದ ದಶಕಗಳಲ್ಲಿ ಒಂದು ಪ್ರದೇಶಕ್ಕೆ ಒಂದೇ ಮಂಡಳಿ ಇರುತ್ತಿತ್ತು. ಅದರ ಸಮವಸ್ತ್ರ ಯಾವುದೆಂದು ಜನರಿಗೆ ಗೊತ್ತಿರುತ್ತಿತ್ತು. 1986ರಲ್ಲಿ ಗ್ಯಾಸ್, 1989ರಲ್ಲಿ ನೀರು, 1990ರಿಂದ ವಿದ್ಯುತ್ ಖಾಸಗಿಯವರ ಕೈಸೇರಿದವು. 1990ರ ದಶಕದ ಕೊನೆಗೆ ಪ್ರತಿ ಮನೆಯೂ ತನಗೆ ಬೇಕಾದ ಗ್ಯಾಸ್ ಮತ್ತು ವಿದ್ಯುತ್ ಕಂಪನಿಯನ್ನು ಆರಿಸಿಕೊಳ್ಳಬಹುದಾದಾಗ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮಾರಾಟ ಪ್ರತಿನಿಧಿಗಳು ಮನೆಮನೆಗೆ ಬರತೊಡಗಿದರು. ಯಾವ ಕಂಪನಿಯವರು ಯಾರೆಂಬುದು ಯುವಕರಿಗೇ ಗೊಂದಲವಾಗುತ್ತಿದ್ದಾಗ, ದೃಷ್ಟಿ ಮಂಜಾದ ಎಂಬತ್ತು ವರ್ಷದವರು ಅಸಲಿ ನಕಲಿಗಳನ್ನು ಬೇರ್ಪಡಿಸಬೇಕೆಂದು ಬಯಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2000ದ ಹೊತ್ತಿಗೆ ಗೃಹ ಇಲಾಖೆ ಈ ಅಪರಾಧಕ್ಕೆಂದೇ ಒಂದು ಕಾರ್ಯಪಡೆಯನ್ನು ರಚಿಸಿತು. ಕಳ್ಳರು ಒಂದು ಜಿಲ್ಲೆಯಲ್ಲಿ ಕದ್ದು ಮತ್ತೊಂದಕ್ಕೆ ಸರಿದುಬಿಡುತ್ತಿದ್ದುದರಿಂದ ಬೇರೆ ಬೇರೆ ಪೊಲೀಸ್ ಪಡೆಗಳು ಮಾಹಿತಿ ಹಂಚಿಕೊಳ್ಳಲೇಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ನಷ್ಟವನ್ನು ಕೇವಲ ಹಣದಲ್ಲಿ ಅಳೆಯುವ ಅಭ್ಯಾಸವನ್ನು ಆ ಅವಧಿಯ ಅಧ್ಯಯನಗಳು ಪ್ರಶ್ನಿಸಿದವು. ವೃದ್ಧರಿಗೆಂದೇ ಮೀಸಲಾದ ವಸತಿಗಳಲ್ಲಿ ಕನ್ನಗಳವಿಗೆ ತುತ್ತಾದವರನ್ನು ಕುರಿತು ಗೃಹ ಇಲಾಖೆ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಳವಾದ ಎರಡು ವರ್ಷಗಳೊಳಗೆ ಅವರು ತೀರಿಕೊಂಡಿರುವ ಅಥವಾ ಆರೈಕೆ ಗೃಹ ಸೇರಿರುವ ಸಂಭವ, ಕಳವಾಗದ ನೆರೆಯವರಿಗಿಂತ 2.4 ಪಟ್ಟು ಹೆಚ್ಚಾಗಿತ್ತು. ಮನೆಯ ಮೇಲಿನ ಭರವಸೆ ಕಳೆದುಕೊಂಡವರಿಗೆ ನಿದ್ರೆ ಬರುವುದಿಲ್ಲ, ಹೊರಗೆ ಹೋಗಲು ಧೈರ್ಯ ಸಾಲುವುದಿಲ್ಲ, ಯಾರನ್ನೂ ನಂಬಲಾಗುವುದಿಲ್ಲ. ‘ನಾನೇ ಕೈಯಾರೆ ಒಳಗೆ ಬಿಟ್ಟೆನಲ್ಲ’ ಎಂಬ ನಾಚಿಕೆ ಬೇರೆ. ವಿಷಯ ತಿಳಿದರೆ ಒಂಟಿಯಾಗಿರಲು ಮಕ್ಕಳು ಬಿಡುವುದಿಲ್ಲವೆಂಬ ಭಯದಿಂದ ದೂರು ಕೊಡದೆ ಉಳಿದವರೂ ಇದ್ದಾರೆ.

ಬಾಗಿಲಿಗೆ ಸರಪಳಿ ಹಾಕಿಕೊಂಡೇ ಮಾತನಾಡಿ, ಗುರುತಿನ ಚೀಟಿ ಕೇಳಿ, ಬಂದವರನ್ನು ಹೊರಗೆ ನಿಲ್ಲಿಸಿ ಕಂಪನಿಗೆ ಫೋನ್ ಮಾಡಿ ಎಂಬುದು ಪೊಲೀಸರ ಮೊದಲ ಸಲಹೆಯಾಗಿತ್ತು. ಒಳ್ಳೆಯ ಸಲಹೆಯೇ, ಆದರೆ ಚೀಟಿಯನ್ನು ನಕಲು ಮಾಡಬಹುದು, ಅದರ ಮೇಲಿನ ಫೋನ್ ಸಂಖ್ಯೆ ಕಳ್ಳನ ಜೊತೆಗಾರನದ್ದೇ ಆಗಿರಬಹುದು. ಹೀಗಾಗಿ ಮನೆಗೆ ಬಂದಿರುವ ಬಿಲ್ಲಿನಲ್ಲಿರುವ ಸಂಖ್ಯೆಗೇ ಫೋನ್ ಮಾಡಬೇಕೆಂಬ ಸೂಚನೆ ಸೇರಿಕೊಂಡಿತು. ಇದಕ್ಕಿಂತ ಗಟ್ಟಿಯಾದ ಉಪಾಯ ಪಾಸ್‌ವರ್ಡ್ ವ್ಯವಸ್ಥೆ. ವಿಶೇಷ ನೆರವು ಬೇಕಾದ ಗ್ರಾಹಕರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ ಒಂದು ಗುಟ್ಟಿನ ಪದವನ್ನು ಗೊತ್ತುಮಾಡಿಕೊಂಡರೆ, ಕಂಪನಿಯ ನೌಕರ ಬಾಗಿಲಲ್ಲಿ ಆ ಪದವನ್ನು ಹೇಳಬೇಕು. ತಾನು ಯಾರೆಂದು ಸಾಬೀತುಪಡಿಸುವ ಹೊರೆ ಇಲ್ಲಿ ಬಂದವನ ಮೇಲೆ ಬೀಳುತ್ತದೆ. ಕೆಲವು ಊರುಗಳಲ್ಲಿ ವೃದ್ಧರು, ಬಂದವರನ್ನು ತಾವು ನಂಬುವ ನೆರೆಮನೆಯವರ ಬಳಿಗೆ ಕಳಿಸಿ ಪರಿಶೀಲನೆ ಮಾಡಿಸಿಕೊಳ್ಳುವ ಏರ್ಪಾಡೂ ಬಂತು. ದೊಡ್ಡ ಇಂಧನ ಕಂಪನಿಗಳು 2011–12ರಲ್ಲಿ ಮನೆಬಾಗಿಲ ಮಾರಾಟವನ್ನು ನಿಲ್ಲಿಸಿದಾಗ, ಸೋಗುಗಾರರು ಹಾಕಬಹುದಾಗಿದ್ದ ವೇಷವೊಂದು ಕಡಿಮೆಯಾಯಿತು.

ಕಳ್ಳರೂ ದಾರಿ ಬದಲಿಸಿದರು. ಪೊಲೀಸ್ ಅಧಿಕಾರಿಯೆಂದು ಫೋನಿನಲ್ಲಿ ನಂಬಿಸಿ, ‘ತನಿಖೆಗೆ ಬೇಕು’ ಎಂದು ಹಣ ಅಥವಾ ಬ್ಯಾಂಕ್ ಕಾರ್ಡನ್ನು ಮನೆಬಾಗಿಲಿಗೆ ಬರುವವನ ಕೈಗೆ ಕೊಡಿಸಿಕೊಳ್ಳುವ ವಂಚನೆ ಹಬ್ಬಿತು. ಅದಕ್ಕೆ ಉತ್ತರವಾಗಿ, ವೃದ್ಧ ಗ್ರಾಹಕರು ಅಸಹಜವಾಗಿ ದೊಡ್ಡ ಮೊತ್ತ ಕೇಳಿದಾಗ ಬ್ಯಾಂಕ್ ಸಿಬ್ಬಂದಿ ಕೂಡಲೇ ಪೊಲೀಸರನ್ನು ಕರೆಯುವ ವ್ಯವಸ್ಥೆಯನ್ನು 2016ರಲ್ಲಿ ಲಂಡನ್ನಿನಲ್ಲಿ ಆರಂಭಿಸಿ, ಆಮೇಲೆ ಇಡೀ ದೇಶಕ್ಕೆ ವಿಸ್ತರಿಸಲಾಯಿತು. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್ ಕೊನೆಯಲ್ಲಿ, ಲಂಡನ್ನಿನ ಸರ್ಬಿಟನ್‌ನಲ್ಲಿ ಆರೋಗ್ಯ ಸೇವೆಯವನ ಸೋಗಿನಲ್ಲಿ ಬಂದವನೊಬ್ಬ 92 ವರ್ಷದ ಮಹಿಳೆಗೆ ನಕಲಿ ಲಸಿಕೆ ಚುಚ್ಚಿ 160 ಪೌಂಡ್ ವಸೂಲಿ ಮಾಡಿದ. ಜನ ಯಾರ ದಾರಿ ಕಾಯುತ್ತಿರುತ್ತಾರೋ ಅವರ ವೇಷವನ್ನೇ ಕಳ್ಳ ಹಾಕುತ್ತಾನೆ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ಬೇಕಿಲ್ಲ.

ಪಾಸ್‌ವರ್ಡ್ ವ್ಯವಸ್ಥೆಯ ದೊಡ್ಡ ಕೊರತೆ ಇನ್ನೂ ಪೂರ್ತಿ ನೀಗಿಲ್ಲ. ಪಟ್ಟಿಯಲ್ಲಿ ಹೆಸರು ಸೇರಬೇಕಾದರೆ ಗ್ರಾಹಕರೋ ಅವರ ಪರವಾಗಿ ಇನ್ನೊಬ್ಬರೋ ಕೇಳಿಕೊಳ್ಳಬೇಕು; ಕೇಳಲು ಯಾರೂ ಇಲ್ಲದ, ನೆನಪು ಕುಂದುತ್ತಿರುವ ಒಂಟಿ ವೃದ್ಧರೇ ಅದರಿಂದ ಹೊರಗುಳಿಯುತ್ತಾರೆ. ವಿದ್ಯುತ್ ಮತ್ತು ನೀರಿನ ಸಂಸ್ಥೆಗಳು ಈಚಿನ ವರ್ಷಗಳಲ್ಲಿ ಈ ಪಟ್ಟಿಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿರುವುದರಿಂದ, ಒಂದು ಕಡೆ ಹೆಸರು ಬರೆಸಿದವರು ಪ್ರತಿ ಸಂಸ್ಥೆಗೂ ಬೇರೆ ಬೇರೆಯಾಗಿ ತಮ್ಮ ಕಷ್ಟವನ್ನು ವಿವರಿಸಬೇಕಾದ ಪಾಡು ತಪ್ಪುತ್ತಿದೆ. ಆ ಮೊದಲ ನೋಂದಣಿಯನ್ನು ಮಾಡಿಸುವ ಕೆಲಸವನ್ನು ವೈದ್ಯರು, ಆರೈಕೆದಾರರು, ಸ್ಥಳೀಯ ಆಡಳಿತದವರು ತಮ್ಮ ದಿನನಿತ್ಯದ ಕರ್ತವ್ಯವಾಗಿ ವಹಿಸಿಕೊಳ್ಳಬೇಕಾಗಿದೆ.