ತಲೆಗೆ ಆರು ಗಾಡಿ ಕಲ್ಲು: ಕ್ಯಾನ್ಸಸ್ ಬಯಲಿನ ದೊಡ್ಡ ಚರ್ಚಿನ ಹಿನ್ನೆಲೆ

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ವಿಕ್ಟೋರಿಯಾ ಅಂತ ಒಂದು ಪುಟ್ಟ ಊರಿದೆ. ಜನಸಂಖ್ಯೆ ಸಾವಿರದ ನೂರು, ಇನ್ನೂರರ ಆಸುಪಾಸು. ಅಲ್ಲಿನ ಸಂತ ಫಿಡೆಲಿಸ್ ಚರ್ಚಿನಲ್ಲಿ ಕೂರಲು ಜಾಗ ಇರುವುದು 1,100 ಜನಕ್ಕೆ. ಹೆಚ್ಚುಕಡಿಮೆ ಇಡೀ ಊರೇ ಒಳಗೆ ಹಿಡಿಸುತ್ತದೆ. ಎರಡು ಗೋಪುರಗಳ ಎತ್ತರ 141 ಅಡಿ. ಸುತ್ತ ಬರೀ ಗೋಧಿ ಹೊಲ, ಹುಲ್ಲುಗಾವಲು, ಸಪಾಟಾದ ನೆಲ. ಹಾಗಾಗಿ ಹೆದ್ದಾರಿಯಲ್ಲಿ ಹೋಗುವವರಿಗೆ ಊರಿಗಿಂತ ಮೊದಲು ಚರ್ಚೇ ಕಾಣುತ್ತದೆ. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡದು ಯಾಕೆ ಬೇಕಿತ್ತು?

ಉತ್ತರ ಹುಡುಕಲು ರಷ್ಯಾಕ್ಕೆ ಹೋಗಬೇಕು. 1763ರಲ್ಲಿ ರಾಣಿ ಎರಡನೇ ಕ್ಯಾಥರೀನ್ ಹೊರದೇಶದ ರೈತರನ್ನು ವೋಲ್ಗಾ ನದಿಯ ದಂಡೆಗೆ ಕರೆದಳು. ಆಕೆಯೂ ಜರ್ಮನ್ ಮೂಲದವಳೇ. ಜಮೀನು ಕೊಡ್ತೀವಿ, ನಿಮ್ಮ ಧರ್ಮ ನಿಮಗೆ, ಸೈನ್ಯಕ್ಕೆ ಸೇರುವ ಒತ್ತಾಯ ಇಲ್ಲ ಎಂಬ ಭರವಸೆ ನಂಬಿ ಸಾವಿರಾರು ಜರ್ಮನ್ನರು ಸರಾತೊವ್ ಸುತ್ತಮುತ್ತ ನೆಲೆಯೂರಿದರು. ಕ್ಯಾಥೋಲಿಕರ ಹಳ್ಳಿ ಬೇರೆ, ಪ್ರಾಟೆಸ್ಟಂಟರಾದ ಲುಥೆರನ್ನರ ಹಳ್ಳಿ ಬೇರೆ. ನೂರು ವರ್ಷ ಕಳೆದರೂ ಮನೆಮಾತು ಜರ್ಮನ್ನೇ ಉಳಿಯಿತು. ಆದರೆ 1871ರಲ್ಲಿ ಸರ್ಕಾರ ಆ ಸವಲತ್ತುಗಳನ್ನು ವಾಪಸ್ ತೆಗೆದುಕೊಂಡಿತು. 1874ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನೂ ಬಂತು. ಮಗನನ್ನು ಸೈನ್ಯಕ್ಕೆ ಕಳಿಸುವುದೋ, ಊರು ಬಿಡುವುದೋ? ಎಷ್ಟೋ ಮನೆಯವರು ಎರಡನೆಯದನ್ನೇ ಆರಿಸಿಕೊಂಡರು.

ಮೊದಲು ಕೆಲವರು ಅಮೆರಿಕಕ್ಕೆ ಹೋಗಿ ಜಾಗ ನೋಡಿಕೊಂಡು ಬಂದರು. ಅಲ್ಲಿನ ರೈಲ್ವೆ ಕಂಪನಿಗಳ ಕೈಯಲ್ಲಿ ಹಳಿಯ ಅಕ್ಕಪಕ್ಕದ ಜಮೀನು ಬೇಕಾದಷ್ಟಿತ್ತು, ಕೊಳ್ಳುವ ರೈತರು ಬೇಕಿತ್ತು. 1876ರ ವಸಂತದಲ್ಲಿ ಈ ಜನ ಕ್ಯಾನ್ಸಸ್‌ನ ಎಲಿಸ್ ಕೌಂಟಿಗೆ ಬಂದಿಳಿದು, ವೋಲ್ಗಾ ದಂಡೆಯ ತಮ್ಮ ಹಳ್ಳಿ ಹರ್ಜೋಗ್‌ನ ಹೆಸರನ್ನೇ ಹೊಸ ಊರಿಗೂ ಇಟ್ಟರು.

ಪಕ್ಕದಲ್ಲೇ ಇನ್ನೊಂದು ಊರಿತ್ತು. ಜಾರ್ಜ್ ಗ್ರಾಂಟ್ ಎಂಬ ಸ್ಕಾಟ್ಲೆಂಡಿನವನು 1873ರಲ್ಲಿ ಬ್ರಿಟಿಷ್ ಸಿರಿವಂತರಿಗಾಗಿ ಕಟ್ಟಿಸಿದ್ದ ವಿಕ್ಟೋರಿಯಾ ಅದು. ಆಂಗಸ್ ತಳಿಯ ಹೋರಿಗಳನ್ನು ಅಮೆರಿಕಕ್ಕೆ ತಂದವನೂ ಇವನೇ. ಅಲ್ಲಿ ಕುದುರೆ, ಬೇಟೆ ಎಲ್ಲ ಜೋರಾಗಿತ್ತು. ಬೇಸಾಯಕ್ಕೆ ಮಾತ್ರ ಮೈ ಬಗ್ಗಲಿಲ್ಲ. 1878ರಲ್ಲಿ ಗ್ರಾಂಟ್ ತೀರಿಕೊಂಡ. ಅವನ ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮುಂದೆ 1913ರಲ್ಲಿ ಎರಡೂ ಊರು ಒಂದಾದಾಗ ಉಳಿದದ್ದು ಬ್ರಿಟಿಷರ ಹೆಸರು, ಜರ್ಮನ್ನರ ಜನ!

ಶುರುವಿನಲ್ಲಿ ಜರ್ಮನ್ನರಿಗೆ ಚರ್ಚೂ ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ಮರದ ಒಂದು ಶಿಲುಬೆ ನೆಟ್ಟು ಅದರ ಸುತ್ತ ಸೇರಿ ಪ್ರಾರ್ಥಿಸುತ್ತಿದ್ದರು. 1878ರಲ್ಲಿ ಕಪುಚಿನ್ ಎಂಬ ಕ್ಯಾಥೋಲಿಕ್ ಸನ್ಯಾಸಿ ಸಭೆಯ ಪಾದ್ರಿಗಳು ಬಂದರು. ಚರ್ಚಿನ ಹೆಸರಿನ ಸಂತ ಫಿಡೆಲಿಸ್ ಕೂಡ ಅದೇ ಸಭೆಯವನು, 1622ರಲ್ಲಿ ಕೊಲೆಯಾದ ಜರ್ಮನ್ ಹುತಾತ್ಮ. ಮಕ್ಕಳು ಮರಿಗಳೊಂದಿಗೆ ಜನ ಬೆಳೆದ ಹಾಗೆ ಚರ್ಚು ಸಾಲದಾಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಈಗಿರುವುದು ನಾಲ್ಕನೆಯದು.

1908ರಲ್ಲಿ ಇದರ ಕೆಲಸ ಶುರುವಾಯಿತು. ನಕ್ಷೆ ಪಿಟ್ಸ್‌ಬರ್ಗ್‌ನ ವಾಸ್ತುಶಿಲ್ಪಿ ಜಾನ್ ಕೋಮ್ಸ್ ಅವರದು. ನಮ್ಮಲ್ಲಿ ಊರ ದೇವಸ್ಥಾನಕ್ಕೆ ಮನೆಗಿಷ್ಟು ಅಂತ ವಂತಿಗೆ ಎತ್ತುತ್ತಾರಲ್ಲ, ಇಲ್ಲಿ ಲೆಕ್ಕ ಮನೆಗಲ್ಲ, ತಲೆಗೆ. ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ, 12 ವರ್ಷ ದಾಟಿದ ಪ್ರತಿಯೊಬ್ಬರ ಪಾಲಿಗೂ ವರ್ಷಕ್ಕೆ 45 ಡಾಲರ್ ಮತ್ತು ಆರು ಗಾಡಿ ಕಲ್ಲು. ಮನೆಯಲ್ಲಿ ಅಂಥವರು ಎಂಟು ಮಂದಿ ಇದ್ದರೆ 360 ಡಾಲರ್, 48 ಗಾಡಿ ಕಲ್ಲು. ಆ ಕಾಲದ ರೈತನಿಗೆ ಇದು ಸುಮ್ನೆ ಮಾತಲ್ಲ. ಭಕ್ತಿ ಎಷ್ಟೇ ಇರಲಿ, ಹದಿಮೂರರ ಹುಡುಗನಿಗೂ ಅಷ್ಟೇ ಬಾಕಿ ಅಂದರೆ ಸ್ವಲ್ಪ ಜಬರ್ದಸ್ತಿ ಅನಿಸುತ್ತದೆ ನನಗೆ.

ಕಲ್ಲು ಬಂದದ್ದು ಊರಿನ ದಕ್ಷಿಣಕ್ಕೆ ಮೈಲುಗಟ್ಟಲೆ ದೂರದ ಗಣಿಗಳಿಂದ. ಆ ಸೀಮೆಯ ಸುಣ್ಣಕಲ್ಲಿನದು ಒಂದು ವಿಶೇಷ. ನೆಲದಡಿ ಅದು ಒಂದೇ ದಪ್ಪದ ಪದರವಾಗಿ ಹಾಸಿಕೊಂಡಿರುತ್ತದೆ. ಆಗ ತಾನೇ ಎಬ್ಬಿಸಿದಾಗ ಮೆತ್ತಗಿರುತ್ತದೆ. ಸಾಲಾಗಿ ತೂತು ಕೊರೆದು, ಕಬ್ಬಿಣದ ಬೆಣೆಗಳನ್ನಿಟ್ಟು ಒಂದಾದ ಮೇಲೊಂದಕ್ಕೆ ಹೊಡೆಯುತ್ತಾ ಹೋದರೆ ನೆಟ್ಟಗೆ ಸೀಳಿಕೊಳ್ಳುತ್ತದೆ. ಗಾಳಿಗೆ ಬಿಟ್ಟರೆ ಕ್ರಮೇಣ ಗಟ್ಟಿಯಾಗುತ್ತದೆ. ಮರವೇ ಕಮ್ಮಿಯಾದ ಬಯಲಲ್ಲಿ ಬೇಲಿಯ ಗೂಟಗಳನ್ನೂ ಇದರಲ್ಲೇ ಮಾಡುತ್ತಿದ್ದರು. ಆ ಕಲ್ಲುಗೂಟಗಳು ಇವತ್ತಿಗೂ ಹೊಲಗಳಲ್ಲಿ ನಿಂತಿವೆ. ಚರ್ಚಿಗೆ ಬಂದ ಒಂದೊಂದು ಕಲ್ಲೂ 50ರಿಂದ 100 ಪೌಂಡ್, ಅಂದರೆ 23ರಿಂದ 45 ಕಿಲೋ. ಗಾಡಿಗೆ ಹೇರಿ ತಂದು, ಕೈಯಲ್ಲೇ ಕೆತ್ತಿ ಕೂರಿಸಿದರು. ಒಳಗಿನ ಗ್ರಾನೈಟ್ ಕಂಬಗಳು ಮಾತ್ರ ದೂರದ ವರ್ಮಾಂಟ್‌ನವು. ಒಟ್ಟು ಖರ್ಚು ಸುಮಾರು 1,32,000 ಡಾಲರ್. 1911ರ ಆಗಸ್ಟ್‌ನಲ್ಲಿ ಚರ್ಚಿನ ಪ್ರತಿಷ್ಠೆ ನಡೆಯಿತು. ಬಣ್ಣದ ಗಾಜಿನ ಕಿಟಕಿಗಳು ಬಂದದ್ದು 1916ರಲ್ಲಿ.

ಈ ಚರ್ಚಿಗೆ 'ಬಯಲಿನ ಕೆಥೆಡ್ರಲ್' ಅನ್ನುವ ಹೆಸರು ಕೊಟ್ಟವರು ಕ್ಯಾಥೋಲಿಕರಲ್ಲ. ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಮೂರು ಸಲವೂ ಸೋತ ವಿಲಿಯಂ ಜೆನಿಂಗ್ಸ್ ಬ್ರಯನ್ 1912ರಲ್ಲಿ ಇಲ್ಲಿಗೆ ಬಂದಾಗ ಹಾಗೆ ಕರೆದರು. ಅವರು ಪ್ರೆಸ್ಬಿಟೇರಿಯನ್, ಅಂದರೆ ಪ್ರಾಟೆಸ್ಟಂಟ್ ಪಂಗಡದವರು. ನಿಯಮದ ಪ್ರಕಾರ ಇದು ಕೆಥೆಡ್ರಲ್ ಅಲ್ಲವೇ ಅಲ್ಲ, ಬಿಷಪ್ ಪೀಠ ಇರುವ ಚರ್ಚಿಗೆ ಮಾತ್ರ ಆ ಹೆಸರು, ಇಲ್ಲಿನವರ ಬಿಷಪ್ ಪೀಠ ಇರುವುದು ಸಲೈನಾ ಪಟ್ಟಣದಲ್ಲಿ. ಆದರೂ ಹೆಸರು ಅಂಟಿಕೊಂಡಿತು. 2014ರಲ್ಲಿ ಪೋಪ್ ಫ್ರಾನ್ಸಿಸ್ ಕಾಲದಲ್ಲಿ ಇದಕ್ಕೆ ಬಸಿಲಿಕಾ ಪದವಿಯೂ (ಮುಖ್ಯ ಚರ್ಚುಗಳಿಗೆ ಸಿಗುವ ವಿಶೇಷ ಗೌರವ) ಸಿಕ್ಕಿತು.

ಎಲ್ಲ ಹಳ್ಳಿಗೂ ಈ ಅದೃಷ್ಟ ಇರಲಿಲ್ಲ. ಇದೇ ವೋಲ್ಗಾ ಜರ್ಮನ್ನರು ಕಟ್ಟಿದ ಮನ್ಜೋರ್, ಕ್ಯಾಥರೀನ್, ಲೀಬೆಂಟಾಲ್, ಪೈಫರ್ ಮೊದಲಾದ ಊರುಗಳಲ್ಲೂ ಕಲ್ಲಿನ ಚರ್ಚುಗಳು ಎದ್ದವು. ಪೈಫರ್‌ನವರು ಮಾರಿದ ಗೋಧಿಯಲ್ಲಿ ಬುಷೆಲ್‌ಗೆ (ಸುಮಾರು 27 ಕಿಲೋ ಗೋಧಿ) ಎರಡು ಸೆಂಟಿನಂತೆ ಎತ್ತಿಟ್ಟು ಪವಿತ್ರ ಶಿಲುಬೆಯ ಚರ್ಚು ಕಟ್ಟಿದರು. ಅದಕ್ಕೇ 'ಎರಡು ಸೆಂಟಿನ ಚರ್ಚು' ಅಂತ ಹೆಸರು. ಟ್ರ್ಯಾಕ್ಟರ್, ಕಟಾವು ಯಂತ್ರ ಬಂದ ಮೇಲೆ ಹತ್ತು ಮನೆಯವರು ಮಾಡುತ್ತಿದ್ದ ಬೇಸಾಯಕ್ಕೆ ಒಂದೆರಡು ಮನೆ ಸಾಕಾಯಿತು. ಮಕ್ಕಳು ಪಟ್ಟಣ ಸೇರಿದರು, ಪಾದ್ರಿಗಳಾಗುವವರೂ ಕಮ್ಮಿಯಾದರು. 1993ರಲ್ಲಿ ಪೈಫರ್ ಧರ್ಮಕೇಂದ್ರ ಮುಚ್ಚಿತು. ಕಟ್ಟಡವನ್ನು ಅಲ್ಲಿನವರೇ ನೋಡಿಕೊಳ್ಳುತ್ತಿದ್ದಾರೆ, ಮದುವೆಗಳಿಗೆ ಕೊಡುತ್ತಾರೆ. ವಾರವಾರದ ಚರ್ಚಿನ ಪೂಜೆಗೆ ಜನ ಬೇರೆ ಊರಿಗೆ ಹೋಗಬೇಕು.