ನೀರಿನ ಮುಂದೆ ಕುಳಿತರೂ ಬರೆಯಲು ಏನೂ ಹೊಳೆಯುವುದಿಲ್ಲವೇ?

ಪ್ರಶ್ನೆ: ನೀರನ್ನು ಗಮನಿಸಿದರೆ ಬರವಣಿಗೆಗೆ ಸ್ಫೂರ್ತಿ ಸಿಗುತ್ತದೆ ಎನ್ನುತ್ತೀರಿ. ನದಿಯ ದಡದಲ್ಲಿ ಗಂಟೆಗಟ್ಟಲೆ ಕುಳಿತರೂ ನನಗೆ ಒಂದು ಸಾಲೂ ಹೊಳೆಯಲಿಲ್ಲ. ನನ್ನಲ್ಲಿ ಏನು ಕೊರತೆಯಿದೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಕೊರತೆ ನಿಮ್ಮಲ್ಲಿಲ್ಲ, ನೀವು ಕುಳಿತಿರಿ, ಆದರೆ ನೀರನ್ನು ನೋಡಲಿಲ್ಲ. ನದಿ ಕಂಡೊಡನೆ ಬದುಕನ್ನು ಅದಕ್ಕೆ ಹೋಲಿಸುವ ಸವಕಲು ಮಾತೊಂದು ಬಂದು ದಾರಿಗೆ ಅಡ್ಡ ನಿಂತಿರುತ್ತದೆ, ಅಷ್ಟೆ. ನದಿಯೇ ಬೇಕೆಂದೂ ಇಲ್ಲ, ಸರಿಯಾಗಿ ಮುಚ್ಚದ ನಲ್ಲಿಯೊಂದು ಸಾಕು.

ನೋಡುವುದು ಎಲ್ಲರಿಗೂ ಬರುತ್ತದೆ, ಬಾರದಿರುವುದು ಸ್ಫೂರ್ತಿಯೊಂದೇ ಎಂಬ ನಂಬಿಕೆಯನ್ನು ಮೊದಲು ಬಿಡಿ. ಮಳೆಹನಿಯ ಚಿತ್ರ ಬರೆಯಿರಿ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ಮೇಲೆ ಚೂಪು, ಕೆಳಗೆ ದುಂಡಗೆ ಬರೆಯುತ್ತಾರೆ. ಬೀಳುವ ಸಣ್ಣ ಹನಿ ಗುಂಡಗಿರುತ್ತದೆ. ಸುಮಾರು 2 ಮಿಲಿಮೀಟರಿಗಿಂತ ದೊಡ್ಡದಾದರೆ ಗಾಳಿಯ ಒತ್ತಡಕ್ಕೆ ಅದರ ತಳ ಚಪ್ಪಟೆಯಾಗುತ್ತದೆ. ಇನ್ನೂ ಬೆಳೆದರೆ ಒಡೆದುಹೋಗುತ್ತದೆ. ಆ ಚೂಪು ತುದಿ ಚಿತ್ರದಲ್ಲಿ ಮಾತ್ರ ಉಂಟು. ಇದು ಕಲಿಯುವವರ ದೋಷವೆಂದೂ ಹೇಳಲಾರೆ. ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ ಬೀಳುವ ಹನಿ ಚಿಮ್ಮುವ ಬಗೆಯನ್ನು ಕ್ಷಣಮಾತ್ರದ ಬೆಳಕಿನಲ್ಲಿ ಕಣ್ಣಾರೆ ಕಂಡು, ವರ್ಷಗಟ್ಟಲೆ ಎಲ್ಲ ಬದಿಯೂ ಸಮನಾದ ಅಚ್ಚುಕಟ್ಟಾದ ಚಿತ್ರಗಳನ್ನು ಬರೆದಿದ್ದರು. 1894ರಲ್ಲಿ ಅದನ್ನೇ ಛಾಯಾಚಿತ್ರದಲ್ಲಿ ಹಿಡಿದಾಗ ಆಕಾರಗಳು ಓರೆಕೋರೆಯಾಗಿ ಕಂಡವು. ನೋಡುವುದನ್ನೇ ವೃತ್ತಿ ಮಾಡಿಕೊಂಡವರ ಕಣ್ಣಿಗೂ ಮನಸ್ಸು ತನ್ನ ಚಿತ್ರವನ್ನೇ ತೋರಿಸಿತ್ತು ಎಂದ ಮೇಲೆ, ಹತ್ತು ನಿಮಿಷ ನೋಡಿ ಬೇಸತ್ತ ನಮ್ಮ ಮಾತೇನು?

ಈಗ ನಲ್ಲಿಯ ಬಾಯಿಗೆ ಬನ್ನಿ. ಹನಿ ತುಂಬುತ್ತ ಜೋಲುತ್ತದೆ, ಅದರ ಕತ್ತು ಸಣ್ಣಗಾಗಿ ನೂಲಿನಂತೆ ಎಳೆಯುತ್ತದೆ, ಕಡಿಯುತ್ತದೆ. ಆ ನೂಲು ಮುದುಡಿ ಇನ್ನೊಂದು ಪುಟ್ಟ ಹನಿಯಾಗಿ ದೊಡ್ಡದರ ಹಿಂದೆಯೇ ಬೀಳುವುದುಂಟು. ಮೇಲುಳಿದ ನೀರು ತಟ್ಟನೆ ಹಿಂದಕ್ಕೆ ಸರಿಯುತ್ತದೆ. ಕೆಳಗಿನ ಪಾತ್ರೆಯಲ್ಲಿ ಕೇಳುವ ಟಪ್ ಎಂಬ ಸದ್ದೂ ಹನಿಯ ಪೆಟ್ಟಿನದಲ್ಲ, ನೀರಿನಡಿ ಸಿಕ್ಕಿಬಿದ್ದ ಗಾಳಿಗುಳ್ಳೆ ಕಂಪಿಸುವ ಸದ್ದು. ನನ್ನ ವಿದ್ಯಾರ್ಥಿನಿಯೊಬ್ಬರು ಬಿದ್ದ ಹನಿಯನ್ನು ಬಿಟ್ಟು, ಹಿಂದಕ್ಕೆ ಸರಿದ ನೀರನ್ನೇ ಹಿಡಿದು, ಮಗನನ್ನು ಕಳುಹಿಸಿ ಬಾಗಿಲ ಬಳಿಯಿಂದ ಒಳಗೆ ಸರಿಯುವ ತಂದೆಯ ಕಥೆ ಬರೆದರು. ಕಥೆಯಲ್ಲಿ ನೀರಿನ ಹೆಸರೇ ಇರಲಿಲ್ಲ. ಅಂದು ನನಗಾದ ಸಂತೋಷವನ್ನು ಅವರೆದುರು ತೋರಿಸಿಕೊಳ್ಳಲಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು. ನೋಡುವಾಗ ಉಪಮೆ ಹುಡುಕಬೇಡಿ, ಕ್ರಿಯಾಪದ ಹುಡುಕಿ. ನಮ್ಮ ಭಾಷೆಯಲ್ಲಿ ನೀರು ಒಸರುತ್ತದೆ, ಜಿನುಗುತ್ತದೆ, ತೊಟ್ಟಿಕ್ಕುತ್ತದೆ, ಸೋರುತ್ತದೆ, ಉಕ್ಕುತ್ತದೆ, ಮಡುಗಟ್ಟುತ್ತದೆ. ಎಲ್ಲಕ್ಕೂ 'ಹರಿಯಿತು' ಎಂದು ಬರೆದ ಹಾಳೆಗಳನ್ನು ತಿದ್ದಿ ತಿದ್ದಿ ಸಾಕಾಗಿದೆ. ನಿಮ್ಮ ನಲ್ಲಿಯ ನೀರು ಇವುಗಳಲ್ಲಿ ಯಾವುದನ್ನು ಮಾಡುತ್ತಿದೆ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ ಪೆನ್ನು ತೆಗೆದುಕೊಳ್ಳಿ.